ಗೋಡೆಯಾಚೆಯಿಂದ ಬಂದ ಪಥ್ಯ

ಸುಳ್ಳು ಹೇಳುವುದಾಗಿದ್ದರೆ ಈ ಕಥೆಯನ್ನು ಇನ್ನೂ ಚೆನ್ನಾಗಿ ಹೇಳಬಹುದಿತ್ತು. ಏನು ಮಾಡುವುದು, ಇದು ನಡೆದದ್ದು. ಕೊಪ್ಪದ ಪೇಟೆಯ ಹಿಂದಿನ ಓಣಿಯಲ್ಲಿ, ಎಪ್ಪತ್ತೆಂಟನೆಯ ಇಸವಿಯ ಚಳಿಗಾಲದಲ್ಲಿ, ಮೀನಿನ ಅಬ್ದುಲ್ ಖಾದರನ ಮನೆಯಲ್ಲಿ ನಡೆದದ್ದು. ಸಾಕ್ಷಿಗೆ ಒಂದು ಗೋಡೆಯಿದೆ.

ಆ ಓಣಿಯ ಮನೆಗಳೆಲ್ಲ ಒಂದೇ ಉದ್ದನೆಯ ಹಂಚಿನ ಮಾಡಿನ ಕೆಳಗೆ. ಮನೆಗೂ ಮನೆಗೂ ನಡುವೆ ಆಳೆತ್ತರದ ಗೋಡೆ. ಗೋಡೆಗೂ ಹಂಚಿಗೂ ನಡುವೆ ಬರೀ ಗಾಳಿ. ಒಂದು ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದರು. ಒಂದು ಮನೆಯ ರೇಡಿಯೋಕ್ಕೆ ಪಕ್ಕದ ಮನೆಯ ಮಗು ಮಲಗುತ್ತಿತ್ತು. ಖಾದರನ ಮನೆಯ ಬಲಗಡೆ ತೋಟದ ಕೆಲಸಕ್ಕೆ ಹೋಗುವ ಸೀತಕ್ಕ ಮತ್ತು ಅವಳ ಮುದಿ ತಾಯಿ ಭೈರಮ್ಮ ಇದ್ದರು. ಖಾದರನ ತಾಯಿ ಮಾಸೂಮಾ ಮನೆಯವರ ಜೊತೆ ಉರ್ದುವಿನಲ್ಲಿ, ಗೋಡೆಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ಸಿಟ್ಟು ಬಂದರೆ ಎರಡೂ ಬೆರೆಯುತ್ತಿದ್ದವು.

ಮಾಸೂಮಾಗೆ ಸೊಸೆ ಬಿಲ್ಕಿಸ್ ಎಂದರೆ ಪ್ರಾಣ. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದಿಲ್ಲ. ಸೊಸೆಯ ಪಾಲಿನ ರೊಟ್ಟಿಯ ಮೇಲೆ ತುಪ್ಪ ಹೆಚ್ಚಾಗಿ ಸವರುವುದರಲ್ಲಿ ಮುಗಿಸುತ್ತಿದ್ದಳು. ಆ ಮಳೆಗಾಲದ ಕೊನೆಗೆ ಬಿಲ್ಕಿಸ್‌ಳ ಕೈಬೆರಳ ಗಂಟುಗಳು ಹಸಿಶುಂಠಿಯ ಕೊಂಬಿನಂತೆ ಬಾತುಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಮಡಚಲಾಗದು, ಚೊಂಬು ಹಿಡಿಯಲಾಗದು. ಓಣಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದ ಅವಳ ಮಿಷನ್ನು ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿತು. ಅಂದಿನಿಂದ ನೋಡಲು ಬರುವವರು ಶುರುವಾದರು.

ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆನ್ನುವುದು ಎಲ್ಲ ಊರಿನಲ್ಲೂ ಇದೆ. ಈ ಓಣಿಯಲ್ಲಿ ಅದರ ಮೇಲೆ ಇನ್ನೊಂದು ಪದ್ಧತಿ: ಎದ್ದು ಹೋಗುವಾಗ ಒಂದು ಪಥ್ಯ ಹೇಳಿಯೇ ಹೋಗಬೇಕು. ಹೇಳದೆ ಹೋದರೆ ಅಕ್ಕರೆ ಇಲ್ಲವೆಂದು ಅರ್ಥ. ನರಸಿಂಹರಾಜಪುರದಿಂದ ಬಂದ ಬಿಲ್ಕಿಸ್‌ಳ ನಾದಿನಿ ಬದನೆಕಾಯಿ ಬಿಡಿಸಿದಳು. ದರ್ಜಿ ರೇಣುಕಪ್ಪನ ಹೆಂಡತಿ ಬಾಳೆಹಣ್ಣು ತಂದು ಆಲೂಗಡ್ಡೆ ಬಿಡಿಸಿದಳು. ಮರುದಿನ ಬಂದವರು ಬಾಳೆಹಣ್ಣು ಶೀತವೆಂದು ಅದನ್ನೂ ಬಿಡಿಸಿದರು. ತೊಗರಿಬೇಳೆ ವಾಯು, ಸೊಪ್ಪು ಶೀತ, ಹಾಲು ಕಫ, ಮೊಸರಂತೂ ಕೇಳುವುದೇ ಬೇಡ. ಗೋಡೆಯಾಚೆಯ ಭೈರಮ್ಮ ಎಲ್ಲರಿಗಿಂತ ದೊಡ್ಡದನ್ನು ಕೊಟ್ಟಳು.

ಭೈರಮ್ಮನ ಮಾತಿಗೆ ಒಂದು ಕಟ್ಟಿತ್ತು. ಮೊದಲು ಎರಡು ಸಲ ಕೆಮ್ಮು. ಆಮೇಲೆ ಮೂಗಿನಲ್ಲಿ ರಾಗ. ಕೊನೆಗೆ ಯಾವಾಗಲೂ ಅದೇ ಮುದ್ರೆ.

"ಖ್ಖುಹ್ ಖ್ಖುಹ್! ಅಲ್ದಾ ಮಾಸೂಮಾಬೀ, ಮೀನು ಮೊಟ್ಟೆ ಮಾಂಸ ಎಲ್ಲ ನಂಜು ಮಾರಾಯ್ತಿ. ಬಾವು ಏರಿಸ್ತದೆ. ನಾ ಹೇಳ್ದೆ ಅಂತ ಬಿಡ್ಬ್ಯಾಡ, ಆದ್ರೆ ಬಿಡು."

ಮಾಸೂಮಾ ಬಿಡಿಸಿದಳು. ಅವಳ ಗಂಡ ಗುಲಾಮ್ ಹುಸೇನ್ ಯಾರ ಪಥ್ಯಕ್ಕೂ ಕಿವಿಗೊಡದೆ ತಿನ್ನುವುದನ್ನೆಲ್ಲ ತಿಂದು, ಕಾಲು ಊದಿಸಿಕೊಂಡು, ಐವತ್ತು ತುಂಬುವ ಮೊದಲೇ ಮಣ್ಣಿಗೆ ಹೋಗಿದ್ದ. ಈ ಮನೆಯಿಂದ ಇನ್ನೊಬ್ಬರನ್ನು ಹಾಗೆ ಕಳಿಸಲು ಅವಳು ತಯಾರಿರಲಿಲ್ಲ. "ಹಿತ ಹೇಳಿದವರ ಮಾತನ್ನ ಈ ಮನೇಲಿ ಯಾರೂ ನೆಲಕ್ಕೆ ಹಾಕೋ ಹಾಗಿಲ್ಲ" ಎಂದು ಕಾನೂನು ಮಾಡಿದಳು.

ಹೀಗೆ ಬಿಟ್ಟು ಬಿಟ್ಟು ಬಿಲ್ಕಿಸ್‌ಳ ತಟ್ಟೆಯಲ್ಲಿ ಉಳಿದದ್ದು ಗಂಜಿ ಮತ್ತು ಹೆಸರುಬೇಳೆಯ ತಿಳಿ.

ಖಾದರ್ ನಸುಕಿನಲ್ಲೇ ಎದ್ದು, ಆಗುಂಬೆ ಘಾಟಿ ಹತ್ತಿ ಬರುವ ಮೀನಿನ ವ್ಯಾನಿಗೆ ಕಾದು, ಊರಿಗೆಲ್ಲ ಮೀನು ಮಾರಿ, ಒಳ್ಳೆಯ ನಾಲ್ಕು ಬಂಗುಡೆಯನ್ನು ಮನೆಗೆ ತರುತ್ತಿದ್ದ. ಮಾಸೂಮಾ ಕೊತ್ತಂಬರಿ, ಒಣಮೆಣಸು ಹುರಿದು ಅರೆದು ಸಾರು ಮಾಡುತ್ತಿದ್ದಳು. ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತರೆ ಮೂರು ತಟ್ಟೆ ಕೆಂಪು, ಒಂದು ತಟ್ಟೆ ಬಿಳಿ.

"ಅಮ್ಮಾ, ಒಂದು ತುಂಡು ಅವಳಿಗೂ ಹಾಕು" ಎಂದ ಖಾದರ್.

"ಹಾಕ್ತೀನಿ. ನಾಳೆ ಅವಳ ಕೈ ಇನ್ನೂ ಬಾತ್ರೆ ನೀನು ರೊಟ್ಟಿ ತಟ್ತೀಯಾ?"

"ಮೀನು ಬಿಟ್ಟು ಇಷ್ಟು ದಿನ ಆಯ್ತಲ್ಲ. ಬಾವು ಇಳೀತಾ?"

"ಇಳಿದಿಲ್ಲ ಅಂದ್ರೆ ಇನ್ನೂ ಏನೋ ಬಿಡೋದು ಬಾಕಿ ಇದೆ ಅಂತ."

ಖಾದರ್ ತಲೆ ತಗ್ಗಿಸಿ ಅನ್ನ ಕಲಸಿದ. ಅವನು ಮೀನು ತೂಗುವವನು, ಮಾತು ತೂಗುವವನಲ್ಲ. ಆ ಕೆಲಸಕ್ಕೆ ಮಗಳು ಜಹೀರಾ ಇದ್ದಳು. ಪಿಯುಸಿ ಓದುವ ಹುಡುಗಿ. ಕಾಲೇಜಿನಿಂದ ಪಾಠ ತರುತ್ತಿದ್ದಳೋ ಇಲ್ಲವೋ, ಪಾಠ ಮಾಡುವವರನ್ನಂತೂ ಒಬ್ಬೊಬ್ಬರನ್ನಾಗಿ ಮನೆಗೆ ತರುತ್ತಿದ್ದಳು: ಅವರ ಗಂಟಲು, ಅವರ ನಡಿಗೆ, ಸೀಮೆಸುಣ್ಣ ಒಡೆದಾಗ ಅವರು ಬೈಯುವ ಬೈಗುಳ. ಬಸ್ಸಿನ ಕಂಡಕ್ಟರನೂ ಅವಳ ಗಂಟಲಲ್ಲಿದ್ದ. ಭೈರಮ್ಮನೂ ಇದ್ದಳು, ಕೆಮ್ಮಿನ ಸಮೇತ.

"ದಾದಿ, ಎಲ್ಲ ಬಿಡಿಸಾಯ್ತು. ಇನ್ನು ಅಮ್ಮಿ ಬಿಡೋದು ಉಸಿರೊಂದೇ" ಎಂದಳು ಅಜ್ಜಿಗೆ.

ಸೌಟು ಹಾರಿಬಂತು. ಜಹೀರಾ ತಲೆ ಬಗ್ಗಿಸಿದಳು, ರೂಢಿಯಾಗಿತ್ತು.

"ಇರಲಿ ಬಿಡೇ" ಎಂದಳು ಬಿಲ್ಕಿಸ್. "ಗಂಜಿ ಚೆನ್ನಾಗೇ ಇದೆ."

ಅದನ್ನು ಅವಳು ಗಂಜಿಯನ್ನು ನೋಡಿ ಹೇಳಲಿಲ್ಲ, ಸಾರಿನ ಪಾತ್ರೆಯ ಮುಚ್ಚಳ ನೋಡಿ ಹೇಳಿದಳು. ಮಾಸೂಮಾ ಅದನ್ನು ಕಂಡಳು. ಕಂಡು, ಮುಚ್ಚಳವನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದಳು.

ಡಾಕ್ಟರ ಹತ್ತಿರ ಹೋಗುವಾಗ ಮಾಸೂಮಾ ಜೊತೆಗೇ ಹೋದಳು. ಹೊಸದಾಗಿ ಬಂದ ಡಾಕ್ಟರು, ಮೀಸೆ ಇನ್ನೂ ಸರಿಯಾಗಿ ಕೂತಿರಲಿಲ್ಲ. ಬಿಲ್ಕಿಸ್‌ಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದರು.

"ಏನು ಊಟ ಮಾಡ್ತೀರಿ?"

ಉತ್ತರ ಕೊಟ್ಟವಳು ಮಾಸೂಮಾ. ಏನು ಊಟ ಮಾಡುತ್ತಾಳೆ ಎಂಬುದಕ್ಕಿಂತ ಏನೇನು ಮಾಡುವುದಿಲ್ಲ ಎಂಬುದನ್ನು ಒಂದೂ ಬಿಡದೆ ಹೇಳಿದಳು, ಹೆಮ್ಮೆಯಿಂದಲೇ ಹೇಳಿದಳು.

ಡಾಕ್ಟರು ಕೇಳಿಸಿಕೊಂಡು ಕುರ್ಚಿ ಮುಂದಕ್ಕೆಳೆದರು. "ನೋಡಿ ಅಮ್ಮ, ಈ ವಾತ ಬಂದು ಹೋಗುವ ನೆಂಟ ಅಲ್ಲ. ಮನೆಯಲ್ಲೇ ಇರುತ್ತೆ. ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ. ಅದರ ಜೊತೆ ಬಾಳಬೇಕಾದರೆ ಮೈಯಲ್ಲಿ ಕಸುವು ಬೇಕು. ಮೀನು, ಮೊಟ್ಟೆ, ಬೇಳೆ, ಸೊಪ್ಪು, ಹಾಲು, ಎಲ್ಲ ಕೊಡಿ. ಯಾವುದೋ ಒಂದು ತಿಂದಾಗ ನೋವು ಹೆಚ್ಚಾದರೆ ಆ ಒಂದನ್ನು ಬಿಟ್ಟು ನೋಡೋಣ. ಊರಿನವರಿಗೆ ಆಗದ್ದನ್ನೆಲ್ಲ ಇವರು ಯಾಕೆ ಬಿಡಬೇಕು?"

"ನಂಜಲ್ವಾ ಡಾಕ್ಟ್ರೇ?"

"ಹಸಿದ ಹೊಟ್ಟೆಗೆ ನಾನು ಕೊಡುವ ಮಾತ್ರೆಯೇ ನಂಜು. ಹೊಟ್ಟೆ ತುಂಬಿರಬೇಕು, ಆಮೇಲೆ ಮಾತ್ರೆ. ತೂಕ ಹೀಗೇ ಇಳಿದರೆ ಮಾತ್ರೆ ನಿಲ್ಲಿಸಬೇಕಾಗುತ್ತೆ. ನಿಲ್ಲಿಸಿದರೆ ಬೆರಳು ಸೊಟ್ಟಗಾಗುತ್ತೆ. ಒಮ್ಮೆ ಸೊಟ್ಟಗಾದರೆ ಮತ್ತೆ ನೆಟ್ಟಗಾಗಲ್ಲ."

ದಾರಿಯುದ್ದಕ್ಕೂ ಮಾಸೂಮಾ ಸೊಸೆಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆ ಹತ್ತಿರ ಬಂದಾಗ "ಹುಡುಗ ಡಾಕ್ಟರು. ಮನೇಲಿ ದೊಡ್ಡವರಿಲ್ಲ ಅಂತ ಕಾಣುತ್ತೆ" ಎಂದಳು. ಅಷ್ಟಕ್ಕೆ ಮೀನು, ಮೊಟ್ಟೆ, ಬೇಳೆ, ಸೊಪ್ಪು, ಹಾಲು ಎಲ್ಲವೂ ರದ್ದಾದವು.

ಗಂಜಿಯ ಮೇಲೆ ಬಿದ್ದ ಮಾತ್ರೆ ಬಿಲ್ಕಿಸ್‌ಳ ಹೊಟ್ಟೆಯಲ್ಲಿ ಕೆಂಡವಾಯಿತು. ಮಾಸೂಮಾ ಅದಕ್ಕೆ "ಉಷ್ಣ ಆಗಿದೆ" ಎಂದು ತಿಳಿಯ ಒಗ್ಗರಣೆಯ ಮೆಣಸನ್ನೂ ಬಿಡಿಸಿದಳು. ಬಿಲ್ಕಿಸ್ ವಾದ ಮಾಡುವವಳಲ್ಲ. ಕೆಲವು ದಿನ ಸಹಿಸಿಕೊಂಡು, ಆಮೇಲೆ ಸದ್ದಿಲ್ಲದೆ ಮಾತ್ರೆಯನ್ನೇ ಬಿಟ್ಟಳು. ಮನೆಯಲ್ಲಿ ಬಿಡುವುದೊಂದು ಅಭ್ಯಾಸವಾಗಿಹೋಗಿತ್ತು.

ಅದು ಗೊತ್ತಾದದ್ದು ಒಂದು ಬೆಳಿಗ್ಗೆ, ಜಡೆ ಹಾಕುವಾಗ. ಜಹೀರಾ ಕಾಲೇಜಿಗೆ ಹೊರಡುವ ಮುಂಚೆ ತಾಯಿಯ ಮುಂದೆ ಬೆನ್ನು ಮಾಡಿ ಕುಳಿತಿದ್ದಳು. ಬಾಚಣಿಗೆ ಎರಡು ಸಲ ಕೆಳಗೆ ಬಿತ್ತು. ಮೂರನೆಯ ಸಲ ಬಿದ್ದಾಗ ಬಿಲ್ಕಿಸ್ ಎತ್ತಿಕೊಳ್ಳಲಿಲ್ಲ.

"ಅಮ್ಮಿ, ಮಾತ್ರೆ ತಗೊಂಡ್ಯಾ?"

"ಹೊಟ್ಟೆ ಉರಿಯುತ್ತೆ ಕಣೇ."

"ಬಾ, ನಾನು ಹಾಕ್ತೀನಿ ಜಡೆ" ಎಂದು ಮಾಸೂಮಾ ಕೈ ಚಾಚಿದಳು.

ಜಹೀರಾ ಎದ್ದು ನಿಂತಳು. "ಬೇಡ. ದಾದಿ, ಡಾಕ್ಟರು ಹೇಳಿದ್ದೂ ಹಿತ ಅಲ್ವಾ? ಅವರ ಮಾತು ಯಾಕೆ ನೆಲಕ್ಕೆ ಬಿತ್ತು?"

"ಅವರೊಬ್ಬರು. ಇಲ್ಲಿ ಇಡೀ ಓಣಿ ಹೇಳ್ತಾ ಇದೆ."

"ಓಣಿಗೆ ಬೆರಳು ನೋಯಲ್ವಲ್ಲ!"

ಕೂದಲಿಗೆ ಒಂದು ರಿಬ್ಬನ್ನು ಸುತ್ತಿಕೊಂಡು ಹುಡುಗಿ ಹೊರಟೇಹೋದಳು. ಮಾಸೂಮಾ ಬಾಚಣಿಗೆ ಎತ್ತಿಟ್ಟಳು. ಸೊಸೆ ತನ್ನ ಕೈಗಳನ್ನು ಸೆರಗಿನ ಒಳಗೆ, ಯಾರದೋ ವಸ್ತುವನ್ನು ಬಚ್ಚಿಡುವಂತೆ, ಬಚ್ಚಿಟ್ಟುಕೊಂಡು ಕುಳಿತಿದ್ದಳು. ದಿಕ್ಕು ತೋಚದಾಗ ಮಾಸೂಮಾ ಮಾಡುತ್ತಿದ್ದದ್ದು ಒಂದೇ: ಗೋಡೆಯ ಕಡೆ ತಿರುಗಿ "ಭೈರಮ್ಮಾ, ಇನ್ನೇನಾದ್ರೂ ಬಿಡಿಸ್ಬೇಕಾ?" ಎಂದು ಕೇಳುವುದು.

ಅದೇ ವಾರ ಬಂಗುಡೆ ಸೇಡು ತೀರಿಸಿಕೊಂಡಿತು. ಶನಿವಾರ ಮೀನು ಹೆರೆಯುವಾಗ ಅದರ ಮುಳ್ಳು ಮಾಸೂಮಾಳ ಎಡಗೈಯ ತೋರುಬೆರಳಿಗೆ ಚುಚ್ಚಿತು. ಭಾನುವಾರ ಬೆಳಗಾಗುವಷ್ಟರಲ್ಲಿ ಬೆರಳಿಗೆ ಉಗುರುಸುತ್ತು. ಉಗುರಿನ ಸುತ್ತ ಕೆಂಪಾಗಿ ಊದಿ ತಟಪಟ ಬಡಿಯುತ್ತಿತ್ತು. ಮಾಸೂಮಾ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೋಪಿಯಂತೆ ಸಿಕ್ಕಿಸಿಕೊಂಡಳು. ಆ ಕೈ ಮೇಲೆತ್ತಿಕೊಂಡೇ, ಹಿಂದಿನ ದಿನ ಉಪ್ಪು ಹಚ್ಚಿಟ್ಟಿದ್ದ ಬಂಗುಡೆಯ ಸಾರನ್ನು ಒಂದೇ ಕೈಯಲ್ಲಿ ಮಾಡಿ, ಜಗಲಿಯಲ್ಲಿ ಬಂದು ಕುಳಿತಳು.

ಭೈರಮ್ಮ ಅಂದು ಮೊದಲ ಬಸ್ಸಿಗೇ ಕಿಗ್ಗದ ದೇವಸ್ಥಾನಕ್ಕೆ ಹೋಗಿದ್ದು ಮಾಸೂಮಾಗೆ ತಿಳಿದಿರಲಿಲ್ಲ. ನಿಮಗೆ ತಿಳಿದಿರಲಿ. ಜಹೀರಾ ಬೆಳಿಗ್ಗೆಯಿಂದ ಸೀತಕ್ಕನ ಮನೆ ಸೇರಿದವಳು ಬಂದಿರಲಿಲ್ಲ ಎನ್ನುವುದೂ ತಿಳಿದಿರಲಿ.

ಮೊದಲು ಬಂದವಳು ಸೀತಕ್ಕ.

"ಅಯ್ಯಯ್ಯೋ, ಎಂತ ಮಾಸೂಮಕ್ಕ ಇದು! ಮೀನು ಚುಚ್ಚಿದ್ದಂತೆ? ಹಂಗಾದ್ರೆ ಮೀನು ತಿನ್ಲೇಬಾರ್ದು. ಒಳಗಿನ ಮೀನು ಹೊರಗಿನ ಮೀನನ್ನ ಕರೀತದೆ."

"ಎಷ್ಟು ದಿನ?"

"ಇಳಿಯೋ ತನಕ" ಎಂದು ಸೀತಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದಳು. ಮಾಸೂಮಾ ಅದನ್ನು ಮರುಕವೆಂದುಕೊಂಡಳು.

ಚಹಾ ಲೋಟ ತುಟಿಗಿಡುವಷ್ಟರಲ್ಲಿ ಗೋಡೆಯ ಮೇಲಿಂದ ಕೆಮ್ಮು ಬಂತು.

"ಖ್ಖುಹ್ ಖ್ಖುಹ್! ಅಲ್ದಾ ಮಾಸೂಮಾಬೀ, ಬೆರಳು ಬಾತಿದ್ಯಂತೆ? ಚಾ ಕುಡಿಬ್ಯಾಡ ಮಾರಾಯ್ತಿ. ಬಿಸಿ ನೀರು ಇಳಿದ ಕಡೆ ರಕ್ತ ಏರ್ತದೆ. ನಾ ಹೇಳ್ದೆ ಅಂತ ಬಿಡ್ಬ್ಯಾಡ, ಆದ್ರೆ ಬಿಡು."

ಮಾಸೂಮಾ ಲೋಟ ಕೆಳಗಿಟ್ಟಳು. ಅಭ್ಯಾಸಬಲದಿಂದ ಕೈ ಎಲೆಅಡಿಕೆಯ ಡಬ್ಬಿಗೆ ಹೋಯಿತು.

"ಖ್ಖುಹ್! ಎಲೆಅಡಿಕೆನೂ ಬ್ಯಾಡ. ಸುಣ್ಣ ಸುಡ್ತದೆ, ಅಡಿಕೆ ಹಿಡೀತದೆ."

"ಡಬ್ಬಿ ತೆಗೆದದ್ದು ನಿಂಗೆ ಹೇಗೆ ಗೊತ್ತಾಯ್ತು?"

"ಮುಚ್ಚಳದ ಸದ್ದು ಮಾರಾಯ್ತಿ, ಮೂವತ್ತು ವರ್ಷದಿಂದ ಕೇಳ್ತಿಲ್ವಾ?"

ನಿಜವೇ. ಡಬ್ಬಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ಗೋಡೆ ರೊಟ್ಟಿ ಬಿಡಿಸಿತು, ಆಮೇಲೆ ಉಪ್ಪಿನಕಾಯಿ, ಆಮೇಲೆ ಬೆಲ್ಲ. ಮಧ್ಯಾಹ್ನಕ್ಕೆ ಮೀನು ಮಾರಿ ಬಂದ ಖಾದರನ ಹತ್ತಿರ ಮಾಸೂಮಾ ದೂರಿದಳು: "ನೋಡೋ, ಒಂದು ಬೆರಳಿಗೆ ಇಷ್ಟೊಂದು ಬಿಡ್ಬೇಕಾ?"

ಏನೂ ಅರಿಯದ ಖಾದರ್ ಕೈ ತೊಳೆಯುತ್ತ ಅಂದ: "ಹಿತ ಹೇಳಿದವರ ಮಾತು ನೆಲಕ್ಕೆ ಹಾಕಬಾರದು ಅಂತ ನೀನೇ ಅಲ್ವಾ ಅಮ್ಮಾ ಹೇಳೋದು."

ಚಾಪೆ ಹಾಸಿದ್ದಾಯಿತು. ಹೊಟ್ಟೆಯಲ್ಲಿ ಒಂದು ತೊಟ್ಟು ಚಹಾ ಇಲ್ಲ, ಬಾಯಲ್ಲಿ ಎಲೆಯಿಲ್ಲ, ತಲೆ ಧಿಂ ಎನ್ನುತ್ತಿತ್ತು. ಖಾದರ್ ಸಾರಿನ ಮುಚ್ಚಳ ತೆಗೆದ. ತಾನೇ ಅರೆದ ಮಸಾಲೆಯ ವಾಸನೆ ಮಾಸೂಮಾಳ ಮೂಗಿಗೆ ಬಂದು ಕುಳಿತಿತು. ಬಿಲ್ಕಿಸ್ ಬಾತ ಕೈಗಳಿಂದ ತಟ್ಟೆಯನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ತಂದು ಅತ್ತೆಯ ಮುಂದಿಟ್ಟಳು. ಗಂಜಿ, ಹೆಸರುಬೇಳೆಯ ತಿಳಿ. ಪಕ್ಕದಲ್ಲೇ ತನ್ನದನ್ನೂ ಇಟ್ಟುಕೊಂಡು ಕುಳಿತಳು. ಎರಡು ತಟ್ಟೆ ಕೆಂಪು ಆಗಬೇಕಿತ್ತು. ಜಹೀರಾ ಇಲ್ಲದ್ದರಿಂದ ಒಂದೇ ಕೆಂಪು. ಎರಡು ಬಿಳಿ.

"ಸ್ವಲ್ಪ ತಣ್ಣಗಾದ ಮೇಲೆ ಉಣ್ಣಿ ಅಮ್ಮಾ" ಎಂದಳು ಬಿಲ್ಕಿಸ್. "ತಣ್ಣಗಾದರೆ ರುಚಿ ಇಲ್ಲದ್ದು ಅಷ್ಟು ಗೊತ್ತಾಗಲ್ಲ."

ಅದರಲ್ಲಿ ಕುಟುಕಿರಲಿಲ್ಲ. ದಾರಿ ಗೊತ್ತಿದ್ದವರು ಹೊಸಬರಿಗೆ ದಾರಿ ಹೇಳುವಂತೆ ಹೇಳಿದಳು, ಅಷ್ಟೆ. ಮಾಸೂಮಾ ಒಂದು ತುತ್ತು ನುಂಗಿದಳು. ಎರಡನೆಯದನ್ನು ತಟ್ಟೆಗೇ ಇಳಿಸಿದಳು.

"ಖ್ಖುಹ್ ಖ್ಖುಹ್! ಗಂಜಿಗೆ ಉಪ್ಪು ಹಾಕಿದ್ಯಾ? ಉಪ್ಪು ನಂಜು ಮಾರಾಯ್ತಿ..." ಎಂದಿತು ಗೋಡೆ.

ಅದೇ ಹೊತ್ತಿಗೆ ಎದುರು ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಯಾರದೋ ಜೀಪು ಸಿಕ್ಕಿ ಸಂಜೆಯ ಬಸ್ಸಿಗಿಂತ ಮೊದಲೇ ಊರು ಸೇರಿದ ಭೈರಮ್ಮ, ಕೈಯಲ್ಲಿ ಪ್ರಸಾದದ ಬಾಳೆಹಣ್ಣು ಹಿಡಿದು, ಒಳಗೆ ಕಾಲಿಟ್ಟಿದ್ದಳು.

"...ನಾ ಹೇಳ್ದೆ ಅಂತ ಬಿಡ್ಬ್ಯಾಡ, ಆದ್ರೆ ಬಿಡು" ಎಂದು ಗೋಡೆ ಮುಗಿಸಿತು.

ಭೈರಮ್ಮ ಬಾಯಿ ತೆರೆದಳು. ಗೋಡೆ ನೋಡಿದಳು, ತನ್ನ ಮೈ ನೋಡಿಕೊಂಡಳು. "ಅಯ್ಯೋ ಶಿವನೇ, ನಾನು ಆಚೆ ಮನೇಲೂ ಇದೀನಾ?"

ಗೋಡೆಯಾಚೆ ಏನೋ ಪಾತ್ರೆ ಉರುಳಿತು.

"ಯಾರೇ ಅದು, ನನ್ನ ಕೆಮ್ಮು ಕೆಮ್ಮೋಳು?"

ಗಾಬರಿಯಲ್ಲಿ ಗಂಟಲು ಬದಲಿಸುವುದನ್ನೇ ಮರೆತ ಜಹೀರಾ, ಪೂರ್ತಿ ಭೈರಮ್ಮನ ದನಿಯಲ್ಲೇ ಉತ್ತರಿಸಿದಳು: "ನಾನಲ್ಲ."

ಖಾದರನ ಬಾಯಲ್ಲಿದ್ದ ಅನ್ನ ಮೂಗಿಗೆ ಹೋಯಿತು. ಆದರೆ ಮಾಸೂಮಾ ನಗಲಿಲ್ಲ. ನಿಂಬೆಹಣ್ಣಿನ ಬೆರಳು ಮೇಲೆತ್ತಿಕೊಂಡು ಕುಳಿತೇ ಇದ್ದಳು. ಖಾದರನಿಗೆ ಕೆಮ್ಮು ನಿಂತಿತು. ಜಹೀರಾ ಹಿತ್ತಿಲ ಬಾಗಿಲಿನಿಂದ ಬಂದು ಗೋಡೆಗೆ ಒರಗಿ ನಿಂತಳು.

ಮಾಸೂಮಾ ಅವಳ ಕಡೆ ನೋಡಲಿಲ್ಲ. ಸೊಸೆಯ ತಟ್ಟೆ ನೋಡಿದಳು.

"ಬಹೂ, ಇದನ್ನ ಎಷ್ಟು ದಿನದಿಂದ ತಿಂತಾ ಇದೀಯ ನೀನು?"

"ಇರಲಿ ಅಮ್ಮಾ..."

"ಒಂದು ದಿನ ನನ್ನ ಮುಖಕ್ಕೆ ಎಸೀಬಾರದಿತ್ತಾ?"

ಉತ್ತರಕ್ಕೆ ಕಾಯದೆ ಸೊಸೆಯ ಗಂಜಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬೇರೆ ತಟ್ಟೆಗೆ ಬಿಸಿ ಅನ್ನ ಹಾಕಿ, ಸಾರು ಸುರಿದು, ನಡುತುಂಡಿನ ಬಂಗುಡೆ ಇಟ್ಟಳು. ಆ ಬೆರಳುಗಳಲ್ಲಿ ಮುಳ್ಳು ಬಿಡಿಸಿಕೊಳ್ಳಲಾಗದೆಂದು ಹೊಳೆಯಿತು. ನಿಂಬೆ ಇಲ್ಲದ ಕೈಯಿಂದ ತಾನೇ ಮುಳ್ಳು ತೆಗೆದು, ತುತ್ತು ಮಾಡಿ ಬಾಯಿಗಿಟ್ಟಳು. ಬಿಲ್ಕಿಸ್ ಅಗಿಯಲಿಲ್ಲ, ಸ್ವಲ್ಪ ಹೊತ್ತು ಹಾಗೇ ಬಾಯಲ್ಲಿಟ್ಟುಕೊಂಡಳು. ಕಣ್ಣಿಂದ ನೀರು ಇಳಿಯಿತು.

"ಖಾರ ಆಯ್ತಾ?"

"ಇಲ್ಲ ಅಮ್ಮಾ. ಸರಿ ಇದೆ."

"ಉಂಡು ಮಾತ್ರೆ ನುಂಗು."

ಜಹೀರಾಳ ಜೊತೆ ಮಾತ್ರ ಮಾಸೂಮಾ ಮಾತು ಬಿಟ್ಟಳು. ಅಂದು ಬಿಟ್ಟದ್ದರಲ್ಲಿ ಅದೊಂದೇ ಉಳಿದದ್ದು. ಚಹಾ ಆ ಸಂಜೆಗೇ ಮರಳಿತು. ಹುಡುಗಿ ಕಾಲು ಒತ್ತಲು ಬಂದರೆ ಕಾಲು ಎಳೆದುಕೊಂಡಳು. ಹೇಳುವುದಿದ್ದರೆ ಖಾದರನಿಗೆ ಹೇಳುತ್ತಿದ್ದಳು: "ನಿನ್ನ ಮಗಳಿಗೆ ಹೇಳು, ಮೊಟ್ಟೆ ಬೆಂದಿದೆ, ಅವಳಮ್ಮಂಗೆ ಸುಲಿದು ಕೊಡಲಿ ಅಂತ."

ಓಣಿಗೆ ಹೊಸ ಕಾನೂನು ಬಂತು. ರೇಣುಕಪ್ಪನ ಹೆಂಡತಿ ಎದ್ದು ಹೋಗುವಾಗ ರೂಢಿಯಂತೆ "ಬಸಳೆ ಮಾತ್ರ ಬ್ಯಾಡ" ಎಂದಳು. ಮಾಸೂಮಾ ಬಾಗಿಲಿಗೆ ಅಡ್ಡ ನಿಂತಳು.

"ಆಯ್ತು, ಬಸಳೆ ಬಿಡಿಸ್ತೀನಿ. ಅದರ ಬದಲು ತಿನ್ನೋಕೆ ಏನು ಕೊಡ್ತೀಯ?"

"ಎಂತ?"

"ಒಂದು ಬಿಡಿಸಿದವರು ಒಂದು ತಿನ್ನಿಸಿ ಹೋಗ್ಬೇಕು. ಇನ್ಮೇಲೆ ಹಾಗೆ."

ಮರುದಿನ ರೇಣುಕಪ್ಪನ ಮನೆಯಿಂದ ಹರಿವೆ ಸೊಪ್ಪಿನ ಪಲ್ಯ ಬಂತು. ಭೈರಮ್ಮ ಮೊಟ್ಟೆಯ ನಂಜು ವಾಪಸು ತೆಗೆದುಕೊಂಡದ್ದಲ್ಲದೆ ತನ್ನ ಕೋಳಿಯ ಮೊಟ್ಟೆಗಳನ್ನೇ ಗೋಡೆಯ ಮೇಲಿಂದ ದಾಟಿಸತೊಡಗಿದಳು. ಪಥ್ಯ ಹೇಳುವವರು ಕಡಿಮೆಯಾದರು, ಪಾತ್ರೆ ತರುವವರು ಹೆಚ್ಚಾದರು. ಹುಳಿ ಮೊಸರು ತಿಂದ ಮರುದಿನ ನೋವು ಜಾಸ್ತಿ ಎಂದು ಬಿಲ್ಕಿಸ್‌ಳೇ ಎರಡು ಸಲ ನೋಡಿ ಹೇಳಿದ್ದರಿಂದ ಅದೊಂದನ್ನು ಬಿಟ್ಟರು.

ಮುಂದಿನ ಸಲ ಡಾಕ್ಟರು ಮುಳ್ಳು ನೋಡಿ ಹುಬ್ಬು ಸಡಿಲಿಸಿದರು. ಬೆರಳು ಮಡಚಿ ಬಿಡಿಸಿ ನೋಡಿದರು. "ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ನೆಟ್ಟಗೇ ಉಳಿದಿವೆ. ಮಾತ್ರೆ ಮುಂದುವರಿಸೋಣ. ಏನಮ್ಮ, ಊಟ ಯಾರು ನೋಡಿಕೊಳ್ಳುತ್ತಾರೆ?"

"ನಾನೇ" ಎಂದಳು ಮಾಸೂಮಾ. "ಮನೇಲಿ ದೊಡ್ಡವರು ಇರಬೇಕಲ್ವಾ ಡಾಕ್ಟ್ರೇ."

ಮರುದಿನ ಬೆಳಿಗ್ಗೆ ಬಿಲ್ಕಿಸ್ ಬಿಸಿನೀರಲ್ಲಿ ಕೈ ಅದ್ದಿಕೊಂಡು ಬಂದು ಬಾಚಣಿಗೆ ಹಿಡಿದಳು. ಜಹೀರಾ ಉಸಿರಾಡದೆ ಕುಳಿತಳು. ಜಡೆ ಒಂದು ಕಡೆಗೆ ವಾಲಿತು, ಮೇಲೆ ಸಡಿಲ, ಕೆಳಗೆ ಬಿಗಿ. ಹುಡುಗಿ ಅದನ್ನು ಮುಂದೆ ಎಳೆದುಕೊಂಡು ಕನ್ನಡಿ ನೋಡಿ, ಬಿಚ್ಚದೆ ಹಾಗೇ ಕಾಲೇಜಿಗೆ ಹೋದಳು. ಸಂಜೆ ಬಂದಾಗಲೂ ಹಾಗೇ ಇತ್ತು.

ಅಂದು ಊಟ ಮುಗಿದ ಮೇಲೆ ಮಾಸೂಮಾ ಎಲೆಗೆ ಸುಣ್ಣ ಹಚ್ಚುತ್ತ, ಯಾರನ್ನೂ ನೋಡದೆ, "ಮಾಡು" ಎಂದಳು.

"ಎಂತ ದಾದಿ?" ಜಹೀರಾಗೆ ನಂಬಿಕೆಯಾಗಲಿಲ್ಲ.

"ಆವತ್ತು ಗೋಡೆಯಾಚೆ ಮಾಡಿದ್ದು. ನಂಗೆ ಬರೀ ಕೇಳಿದ್ದು, ನೋಡಿಲ್ಲ."

ಜಹೀರಾ ಹೆದರುತ್ತಲೇ ಎರಡು ಸಲ ಕೆಮ್ಮಿದಳು. ಭೈರಮ್ಮ ಬಂದಳು, ಬೆನ್ನು ಬಗ್ಗಿಸಿದಳು, ಚಹಾ ಬಿಡಿಸಿ ಹೋದಳು. ಖಾದರ್ ಹೊಟ್ಟೆ ಹಿಡಿದುಕೊಂಡ. ಮಾಸೂಮಾಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಈಗ ನನ್ನ ಮಾಡು."

"ಬೇಡ ದಾದಿ."

"ಮಾಡು ಅಂದೆ."

ಜಹೀರಾ ತಾಯಿಯ ಮುಖ ನೋಡಿದಳು. ಆಮೇಲೆ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು, ಒಂದು ಬೆರಳು ನಿಂಬೆಹಣ್ಣಿನಂತೆ ಮೇಲೆತ್ತಿ, ಇಲ್ಲದ ಸಾರಿನ ಪಾತ್ರೆಗೆ ಇಲ್ಲದ ಮುಚ್ಚಳವನ್ನು ಎದೆಯಿಂದ ಒತ್ತಿ ಮುಚ್ಚಿದಳು. ಕಣ್ಣು ಮಾತ್ರ ಪಾತ್ರೆಯ ಮೇಲೇ. "ಇಳಿದಿಲ್ಲ ಅಂದ್ರೆ ಇನ್ನೂ ಏನೋ ಬಿಡೋದು ಬಾಕಿ ಇದೆ ಅಂತ!" ಎಂದು ಎಂಜಲು ನುಂಗಿದಳು.

ಯಾರೂ ನಗಲಿಲ್ಲ. ನಗಲು ಧೈರ್ಯವಿರಲಿಲ್ಲ. ಬಿಲ್ಕಿಸ್‌ಳ ಗಂಟಲಿನಿಂದ ಮಾತ್ರ, ಎಷ್ಟೋ ತಿಂಗಳಿಂದ ಕೇಳದಿದ್ದ, ಬಿಕ್ಕಳಿಕೆಯಂಥ ಸಣ್ಣ ನಗು ತಪ್ಪಿಸಿಕೊಂಡು ಹೊರಬಂತು. ಅವಳು ಬಾತ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಮಾಸೂಮಾ ಸೊಸೆಯನ್ನು ನೋಡಿದಳು. ಮೊದಲು ಅತ್ತೆಯ ಹೊಟ್ಟೆ ಕುಲುಕಿತು. ಆಮೇಲೆ ಭುಜ. ಆಮೇಲೆ ಬಾಯಿ ತೆರೆದದ್ದೇ ತಡ, ಎಲೆಯಡಿಕೆ ಚಾಪೆಯ ಮೇಲೆ ಬಿತ್ತು, ಡಬ್ಬಿ ಉರುಳಿತು, ಹಂಚಿನ ಕೆಳಗೆ ಮಲಗಿದ್ದ ಪಾರಿವಾಳ ರೆಕ್ಕೆ ಬಡಿಯಿತು.

"ಎಂತದೇ ಅದು ಇಷ್ಟೊತ್ತಲ್ಲಿ ನಗು?" ಎಂದು ಗೋಡೆಯಾಚೆಯಿಂದ ಕೇಳಿದಳು ಭೈರಮ್ಮ, ಈ ಸಲ ಅಸಲಿ ಭೈರಮ್ಮ.

ಮಾಸೂಮಾ ಕಣ್ಣೊರೆಸಿಕೊಂಡಳು. ಎರಡು ಸಲ ಕೆಮ್ಮಿದಳು. ಮೂಗಿಗೆ ರಾಗ ಏರಿಸಿದಳು.

"ಖ್ಖುಹ್ ಖ್ಖುಹ್! ನಗು ನಂಜು ಮಾರಾಯ್ತಿ. ನಾ ಹೇಳ್ದೆ ಅಂತ ಬಿಡ್ಬ್ಯಾಡ..."

ಮುಗಿಸಲಾಗಲಿಲ್ಲ. ಗೋಡೆಯ ಈಚೆ ಉಳಿದ ಮೂವರೂ ನಕ್ಕರು, ಆಚೆ ಸೀತಕ್ಕ ನಕ್ಕಳು, ಕೊನೆಗೆ ಭೈರಮ್ಮನೂ ಕೆಮ್ಮುತ್ತ ನಕ್ಕಳು. ಆದರೆ ಓಣಿಯ ಕೊನೆಯ ಮನೆಯವರು ಎದ್ದು ದೀಪ ಹಚ್ಚಿದ್ದು ಮಾಸೂಮಾಳ ನಗುವಿಗೆ.